ದೈತ್ಯನನ್ನು ಬೆಳಿಗ್ಗೆ ಎಬ್ಬಿಸಿದ ಕೋಚ್

1969ರ ಮೇ 5ರ ರಾತ್ರಿ, ಲಾಸ್ ಏಂಜಲೀಸ್ ಪಕ್ಕದ ಇಂಗಲ್‌ವುಡ್‌ನ ಫೋರಂ ಒಳಾಂಗಣಕ್ಕೆ ಬಂದವರೆಲ್ಲ ಒಮ್ಮೆಯಾದರೂ ತಲೆ ಎತ್ತಿ ಚಾವಣಿ ನೋಡಿದ್ದರು. ಅಲ್ಲಿ ಬಲೆ ಕಟ್ಟಿ ಸಾವಿರಾರು ಬಲೂನು ತುಂಬಿಸಿಡಲಾಗಿತ್ತು. ಊರಿನ ಬಾಸ್ಕೆಟ್‌ಬಾಲ್ ತಂಡ ಲೇಕರ್ಸ್ ಗೆದ್ದ ಕೂಡಲೇ ಬಲೆ ಬಿಚ್ಚಬೇಕು, ಬಲೂನು ಉದುರಬೇಕು, ಬ್ಯಾಂಡಿನವರು ನುಡಿಸಬೇಕು. ತಂಡದ ಮಾಲೀಕ ಜ್ಯಾಕ್ ಕೆಂಟ್ ಕುಕ್ ಎಲ್ಲವನ್ನೂ ಮೊದಲೇ ಏರ್ಪಾಡು ಮಾಡಿಸಿದ್ದರು. ಎದುರಿಗಿದ್ದದ್ದು ಬೋಸ್ಟನ್ ಸೆಲ್ಟಿಕ್ಸ್. ಅಮೆರಿಕದ ವೃತ್ತಿಪರ ಬಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯ ಫೈನಲ್ ಸರಣಿಯ ಏಳನೆಯ, ಅಂದರೆ ಕೊನೆಯ ಪಂದ್ಯ.

ಇನ್ನು ಐದಾರು ನಿಮಿಷದ ಆಟವಿದೆ ಎನ್ನುವಾಗ ಲೇಕರ್ಸ್‌ನ ವಿಲ್ಟ್ ಚೇಂಬರ್ಲೇನ್ ರೀಬೌಂಡಿಗೆ, ಅಂದರೆ ಗುರಿ ತಪ್ಪಿ ಮರಳಿದ ಚೆಂಡಿಗೆ, ಹಾರಿ ಇಳಿಯುವಾಗ ಮೊಣಕಾಲಿಗೆ ಪೆಟ್ಟು ಮಾಡಿಕೊಂಡರು. ಏಳಡಿ ಒಂದಿಂಚು ಎತ್ತರದ ಆ ದೈತ್ಯ ಕುಂಟುತ್ತ ಬಂದು ಬೆಂಚಿನಲ್ಲಿ ಕುಳಿತರು. ಅವರ ಬದಲು ಮೆಲ್ ಕೌಂಟ್ಸ್ ಇಳಿದರು. ಹಿಂದೆ ಬಿದ್ದಿದ್ದ ಲೇಕರ್ಸ್ ಹೇಗೋ ಅಂತರ ತಗ್ಗಿಸುತ್ತ ಬಂದು ಒಂದೇ ಅಂಕಕ್ಕೆ ಇಳಿಸಿತು. ಕಾಲು ಸ್ವಲ್ಪ ಸುಧಾರಿಸಿದ ಚೇಂಬರ್ಲೇನ್, ನನ್ನನ್ನು ಒಳಗೆ ಕಳಿಸಿ ಎಂದು ಕೇಳಿದರು. ಕೋಚ್ ಬುಚ್ ವ್ಯಾನ್ ಬ್ರೆಡಾ ಕಾಲ್ಫ್ ಒಪ್ಪಲಿಲ್ಲ. ನೀವಿಲ್ಲದೆಯೇ ಚೆನ್ನಾಗಿ ನಡೆಯುತ್ತಿದೆ ಎಂಬಂಥ ಉತ್ತರ ಸಿಕ್ಕಿತು. ಅಷ್ಟರಲ್ಲಿ ಸೆಲ್ಟಿಕ್ಸ್‌ನ ಡಾನ್ ನೆಲ್ಸನ್ ಎಸೆದ ಚೆಂಡು ಬಳೆಯ ಹಿಂಬದಿಗೆ ಬಡಿದು, ನೆಟ್ಟಗೆ ಮೇಲಕ್ಕೆ ಚಿಮ್ಮಿ, ಅದೃಷ್ಟ ಎಂಬಂತೆ ಬಲೆಯೊಳಗೇ ಬಿತ್ತು. ಸೆಲ್ಟಿಕ್ಸ್ 108, ಲೇಕರ್ಸ್ 106. ಬಲೂನುಗಳು ಚಾವಣಿಯಲ್ಲೇ ಉಳಿದವು.

ಆ ಕಾಲದ ಅತಿ ದೊಡ್ಡ ಆಟಗಾರ ಆ ಕಾಲದ ಅತಿ ದೊಡ್ಡ ಪಂದ್ಯದ ಕೊನೆಯ ನಿಮಿಷಗಳನ್ನು ಕುಳಿತು ನೋಡಿದ್ದು ಬರೀ ಮೊಣಕಾಲಿನ ಕಾರಣಕ್ಕಲ್ಲ ಎಂಬುದು ತಂಡದಲ್ಲಿ ಎಲ್ಲರಿಗೂ ಗೊತ್ತಿತ್ತು. ಇಡೀ ವರ್ಷ ಕೋಚ್‌ಗೂ ಅವರಿಗೂ ಸರಿಬಂದಿರಲಿಲ್ಲ. ವ್ಯಾನ್ ಬ್ರೆಡಾ ಕಾಲ್ಫ್‌ಗೆ ಐವರೂ ನಿಲ್ಲದೆ ಓಡಾಡುವ, ಪಾಸಿನ ಮೇಲೆ ಪಾಸು ಕೊಡುವ ಆಟ ಬೇಕು. ಚೇಂಬರ್ಲೇನ್ ಬಾಸ್ಕೆಟ್‌ನ ಬುಡದಲ್ಲಿ ಬಂಡೆಯಂತೆ ನಿಂತು ಚೆಂಡಿಗೆ ಕಾಯುವವರು. ಅವರು ಅಲ್ಲಿ ನಿಂತರೆ ಸಹ ಆಟಗಾರ ಎಲ್ಜಿನ್ ಬೇಲರ್ ನುಗ್ಗುವ ದಾರಿಯೇ ಮುಚ್ಚಿಹೋಗುತ್ತಿತ್ತು. ಸೋಲಿನ ಬೆನ್ನಿಗೇ ಕೋಚ್ ರಾಜೀನಾಮೆ ಕೊಟ್ಟು ಹೋದರು.

ಹಾಗಾದರೆ ವ್ಯಾನ್ ಬ್ರೆಡಾ ಕಾಲ್ಫ್‌ಗೆ ಕೆಲಸ ಗೊತ್ತಿರಲಿಲ್ಲವೇ? ನಾಲ್ಕೇ ವರ್ಷ ಹಿಂದೆ, 1965ರಲ್ಲಿ, ಇವರೇ ಓದಿಗೆ ಹೆಸರಾದ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ತಂಡವನ್ನು ಅಮೆರಿಕದ ಕಾಲೇಜು ಬಾಸ್ಕೆಟ್‌ಬಾಲಿನ ಅಂತಿಮ ನಾಲ್ಕರ ಹಂತಕ್ಕೆ ತಂದಿದ್ದರು. ಅಲ್ಲಿನ ತಾರೆ ಬಿಲ್ ಬ್ರಾಡ್ಲಿ, ಮುಂದೆ ಅಮೆರಿಕದ ಸೆನೆಟರ್ ಆದವರು. ಓಡಿ, ಜಾಗ ಹುಡುಕಿ, ಪಾಸು ಕೊಟ್ಟು ಆಡುವ ಬ್ರಾಡ್ಲಿಗೆ ಈ ಕೋಚ್ ಹೇಳಿಮಾಡಿಸಿದಂತಿದ್ದರು. ಅದೇ ಕೋಚ್, ಅದೇ ವಿದ್ಯೆ. ತಾರೆ ಬದಲಾದಾಗ ಅದೇ ವಿದ್ಯೆ ಕೈಕೊಟ್ಟಿತು.

ಎನ್‌ಬಿಎಯಲ್ಲಿ ಪ್ರತಿ ಬೇಸಿಗೆಯೂ ಎದ್ದು ನಿಲ್ಲುವ ಪ್ರಶ್ನೆ ಇದು. ನಮ್ಮ ದೊಡ್ಡ ಆಟಗಾರನಿಗೆ ಸರಿಹೊಂದುವ ಕೋಚ್ ಯಾರು? ಅಂಕಪಟ್ಟಿ ನೋಡಿ, ಹಳೆಯ ಗೆಲುವು ಎಣಿಸಿ ಆರಿಸಿದರೆ ಉತ್ತರ ತಪ್ಪುವ ಸಾಧ್ಯತೆಯೇ ಹೆಚ್ಚು. ಇದು ಹೆಚ್ಚುಕಮ್ಮಿ ಸಂಬಂಧ ಕುದುರಿಸುವ ಕೆಲಸ. ಇಬ್ಬರೂ ಒಳ್ಳೆಯವರಾಗಿದ್ದರಷ್ಟೇ ಸಾಲದು, ಒಬ್ಬರಿಗೊಬ್ಬರು ಕೂಡಿಬರಬೇಕು.

ಒಂದು ಚೆಂಡು, ಐದು ಜನ

ಬಾಸ್ಕೆಟ್‌ಬಾಲಿನಲ್ಲಿ ಈ ಕೂಡಾವಳಿಗೆ ಇಷ್ಟು ತೂಕ ಬಂದಿರುವುದಕ್ಕೆ ಆಟದ ಲೆಕ್ಕವೇ ಕಾರಣ. ಕ್ರಿಕೆಟ್‌ನಲ್ಲಿ ಎಂಥ ಬ್ಯಾಟರ್ ಆದರೂ ಒಮ್ಮೆ ಔಟಾದರೆ ಹೊರನಡೆಯಲೇಬೇಕು. ಫುಟ್‌ಬಾಲ್ ಅಂಕಣದಲ್ಲಿ ತಂಡಕ್ಕೆ ಹನ್ನೊಂದು ಜನ. ಬಾಸ್ಕೆಟ್‌ಬಾಲಿನಲ್ಲಿ ಐದೇ ಜನ. ಎನ್‌ಬಿಎ ಪಂದ್ಯ 48 ನಿಮಿಷ, ಚೆಂಡು ಕೈಗೆ ಬಂದ 24 ಸೆಕೆಂಡುಗಳೊಳಗೆ ಬಾಸ್ಕೆಟ್‌ನತ್ತ ಎಸೆಯಬೇಕು. ಒಬ್ಬ ಮಹಾ ಆಟಗಾರ ಮನಸ್ಸು ಮಾಡಿದರೆ ಪ್ರತಿ ಸರದಿಯಲ್ಲೂ ಚೆಂಡು ತನ್ನ ಕೈಯಲ್ಲೇ ಇಟ್ಟುಕೊಳ್ಳಬಹುದು. ಆಗ ಉಳಿದ ನಾಲ್ವರು ನೋಡುತ್ತ ನಿಲ್ಲುತ್ತಾರೆ. ನಿಂತು ನೋಡುವವರ ಕೈ ತಣ್ಣಗಾಗುತ್ತದೆ. ಕೊನೆಗಳಿಗೆಯಲ್ಲಿ ಚೆಂಡು ಸಿಕ್ಕಾಗ ಗುರಿ ತಪ್ಪುತ್ತದೆ. ತಪ್ಪಿತೆಂದು ತಾರೆ ಇನ್ನಷ್ಟು ಚೆಂಡು ಕೇಳುತ್ತಾನೆ. ಈ ಸುಳಿಯಿಂದ ಬಿಡಿಸುವುದೇ ಕೋಚ್‌ನ ಮುಖ್ಯ ಕೆಲಸ.

ಆದರೆ ಬಿಡಿಸಲು ಹೋಗುವವರ ಕೈಯಲ್ಲಿ ಅಧಿಕಾರ ಕಡಿಮೆ. ತಾರೆಯ ಸಂಬಳ ಕೋಚ್‌ಗಿಂತ ಎಷ್ಟೋ ಪಟ್ಟು ಹೆಚ್ಚು. ಇಬ್ಬರಲ್ಲಿ ಒಬ್ಬರು ಹೋಗಬೇಕೆಂದರೆ ಹೋಗುವುದು ಕೋಚ್. ಮಿಲ್ವಾಕಿ ಬಕ್ಸ್‌ಗೆ 2021ರಲ್ಲಿ ಐವತ್ತು ವರ್ಷಗಳ ನಂತರ ಪ್ರಶಸ್ತಿ ತಂದುಕೊಟ್ಟ ಮೈಕ್ ಬುಡೆನ್‌ಹೋಲ್ಜರ್ ಅವರನ್ನು ಎರಡೇ ವರ್ಷಕ್ಕೆ ಕಳಿಸಲಾಯಿತು. ಅವರ ಜಾಗಕ್ಕೆ ಬಂದ ಏಡ್ರಿಯನ್ ಗ್ರಿಫಿನ್ 30 ಗೆದ್ದು 13 ಸೋತಿದ್ದಾಗಲೇ, 2024ರ ಜನವರಿಯಲ್ಲಿ, ಮನೆಗೆ ಹೋದರು. ಡೆನ್ವರ್ ನಗೆಟ್ಸ್ 2023ರಲ್ಲಿ ಮೊದಲ ಬಾರಿಗೆ ಪ್ರಶಸ್ತಿ ಗೆದ್ದದ್ದು ಮೈಕಲ್ ಮಲೋನ್ ಕೈಕೆಳಗೆ. 2025ರ ಏಪ್ರಿಲ್‌ನಲ್ಲಿ, ಲೀಗಿನ ಮೂರೇ ಪಂದ್ಯ ಬಾಕಿ ಇರುವಾಗ, ಅವರನ್ನೂ ತೆಗೆದರು. ಡೆಟ್ರಾಯಿಟ್ ಪಿಸ್ಟನ್ಸ್ 2023ರಲ್ಲಿ ಮಾಂಟಿ ವಿಲಿಯಮ್ಸ್‌ಗೆ ಆರು ವರ್ಷಕ್ಕೆ 7.85 ಕೋಟಿ ಡಾಲರ್ ಕೊಡುವುದಾಗಿ ಬರೆದುಕೊಟ್ಟಿತು. 14 ಗೆದ್ದು 68 ಸೋತ ಒಂದೇ ಋತುವಿಗೆ ಆ ನಂಟು ಮುರಿಯಿತು. ದುಡ್ಡು ಸುರಿದ ಮಾತ್ರಕ್ಕೆ ಸರಿಯಾದ ಜೋಡಿ ಸಿಗದು ಎಂದು ಇಷ್ಟು ಸ್ಪಷ್ಟವಾಗಿ ತೋರಿಸುವ ಲೆಕ್ಕ ಬೇರೆ ಇಲ್ಲ.

ನೂರು ಅಂಕದ ಮನುಷ್ಯ

ಮತ್ತೆ ಚೇಂಬರ್ಲೇನ್ ಬಳಿಗೆ ಬರೋಣ. ಒಬ್ಬನೇ ಆಟಗಾರ ಬೇರೆ ಬೇರೆ ಕೋಚ್‌ಗಳ ಕೈಯಲ್ಲಿ ಹೇಗೆ ಬೇರೆ ಬೇರೆ ಮನುಷ್ಯನಾಗುತ್ತಾನೆ ಎಂಬುದಕ್ಕೆ ಅವರ ಹದಿನಾಲ್ಕು ವರ್ಷಗಳ ಎನ್‌ಬಿಎ ಬದುಕಿಗಿಂತ ಒಳ್ಳೆಯ ಪಾಠ ಸಿಗುವುದು ಕಷ್ಟ.

1961ರಲ್ಲಿ ಫಿಲಡೆಲ್ಫಿಯಾ ವಾರಿಯರ್ಸ್‌ಗೆ ಕೋಚ್ ಆಗಿ ಬಂದವರು ಫ್ರ್ಯಾಂಕ್ ಮೆಗ್ವಾಯರ್. 1957ರ ಕಾಲೇಜು ಫೈನಲ್‌ನಲ್ಲಿ, ಮೂರು ಸಲ ಹೆಚ್ಚುವರಿ ಅವಧಿಗೆ ಹೋದ ಪಂದ್ಯದಲ್ಲಿ, ಚೇಂಬರ್ಲೇನ್ ಇದ್ದ ಕ್ಯಾನ್ಸಸ್ ತಂಡವನ್ನು 54–53ರಿಂದ ಸೋಲಿಸಿದ ನಾರ್ತ್ ಕೆರೊಲಿನಾ ತಂಡದ ಕೋಚ್ ಇವರೇ. ಎದುರಾಳಿಯಾಗಿದ್ದಾಗ ಆ ಹುಡುಗನ ಶಕ್ತಿ ಎಷ್ಟೆಂದು ಕಂಡಿದ್ದ ಮೆಗ್ವಾಯರ್ ಈಗ ಚೆಂಡನ್ನು ಪೂರ್ತಿ ಅವರಿಗೇ ಒಪ್ಪಿಸಿದರು. ಆ ಋತುವಿನಲ್ಲಿ ಚೇಂಬರ್ಲೇನ್ ಸರಾಸರಿ 50.4 ಅಂಕ. ಹೆಚ್ಚುವರಿ ಅವಧಿಗಳೂ ಸೇರಿ ಪಂದ್ಯಕ್ಕೆ 48 ನಿಮಿಷಕ್ಕೂ ಮೀರಿ ಅಂಕಣದಲ್ಲಿದ್ದರು, ಅಂದರೆ ವರ್ಷವಿಡೀ ಹೆಚ್ಚುಕಮ್ಮಿ ಬೆಂಚು ಮುಟ್ಟಲೇ ಇಲ್ಲ. 1962ರ ಮಾರ್ಚ್ 2ರಂದು ಹರ್ಷಿ ಎಂಬ ಪುಟ್ಟ ಊರಿನಲ್ಲಿ, 4,124 ಪ್ರೇಕ್ಷಕರ ಮುಂದೆ, ನ್ಯೂಯಾರ್ಕ್ ನಿಕ್ಸ್ ವಿರುದ್ಧ ಒಬ್ಬರೇ 100 ಅಂಕ ಹೊಡೆದರು. ಆ ದಾಖಲೆ ಇಂದಿಗೂ ಮುರಿದಿಲ್ಲ.

ಪ್ರಶಸ್ತಿ ಮಾತ್ರ ಬರಲಿಲ್ಲ. ಪ್ಲೇಆಫ್‌ನ ಏಳನೇ ಪಂದ್ಯದಲ್ಲಿ ಸೆಲ್ಟಿಕ್ಸ್ ಎರಡಂಕದಿಂದ ಗೆದ್ದಿತು. ಅಲ್ಲಿ ಬಿಲ್ ರಸೆಲ್ ಇದ್ದರು, ಮೂಲೆಯಲ್ಲಿ ಚುಟ್ಟ ಹಿಡಿದು ಕೂತ ಕೋಚ್ ರೆಡ್ ಆವರ್‌ಬಾಕ್ ಇದ್ದರು. ರಸೆಲ್ ಆಡಿದ 13 ಋತುಗಳಲ್ಲಿ ಸೆಲ್ಟಿಕ್ಸ್ 11 ಬಾರಿ ಚಾಂಪಿಯನ್. ತಪ್ಪಿದ್ದು ಎರಡೇ ಸಲ, 1958 ಮತ್ತು 1967. ಆ ಎರಡೂ ವರ್ಷ ಗೆದ್ದ ತಂಡಗಳು ಬೇರೆ, ಊರುಗಳು ಬೇರೆ. ಕೋಚ್ ಮಾತ್ರ ಒಬ್ಬರೇ. ಹೆಸರು ಅಲೆಕ್ಸ್ ಹ್ಯಾನಮ್.

ಹ್ಯಾನಮ್ 1966ರಲ್ಲಿ, ಚೇಂಬರ್ಲೇನ್ ಆಗ ಆಡುತ್ತಿದ್ದ ಫಿಲಡೆಲ್ಫಿಯಾ ಸೆವೆಂಟಿ-ಸಿಕ್ಸರ್ಸ್ ತಂಡಕ್ಕೆ ಬಂದರು. ಹಿಂದಿನ ಋತುವಿನಲ್ಲಿ ಚೇಂಬರ್ಲೇನ್ ಸರಾಸರಿ 33.5 ಅಂಕ ಹೊಡೆದು ಲೀಗಿಗೇ ಮೊದಲಿಗರಾಗಿದ್ದರು. ಹ್ಯಾನಮ್ ಮುಂದಿಟ್ಟ ಮಾತು ಕೇಳಲು ವಿಚಿತ್ರವಾಗಿತ್ತು: ನೀವು ಕಡಿಮೆ ಎಸೆಯಿರಿ. ಚೆಂಡು ನಿಮ್ಮ ಕೈಗೆ ಬಂದಾಗ ಎದುರಾಳಿಗಳು ಇಬ್ಬರು ಮೂವರು ನಿಮ್ಮ ಮೇಲೆ ಮುಗಿಬೀಳುತ್ತಾರೆ, ಆ ಹೊತ್ತಿಗೆ ಹಾಲ್ ಗ್ರೀರ್, ಚೆಟ್ ವಾಕರ್, ಬಿಲ್ಲಿ ಕನಿಂಗ್‌ಹ್ಯಾಮ್ ಅವರಲ್ಲಿ ಯಾರೋ ಒಬ್ಬರು ಫ್ರೀ ಇರುತ್ತಾರೆ, ಚೆಂಡು ಅವರಿಗೆ ಕೊಡಿ. ಚೇಂಬರ್ಲೇನ್ ಒಪ್ಪಿದರು. ಹ್ಯಾನಮ್ ಸ್ವತಃ ಗಟ್ಟಿಮುಟ್ಟಾದ ಮಾಜಿ ಆಟಗಾರ, ಆ ದೈತ್ಯನ ಮುಂದೆ ದನಿ ತಗ್ಗಿಸದವರು. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಮೊದಲೇ ಜೊತೆಯಾಗಿ ದುಡಿದಿದ್ದರಿಂದ ಇಬ್ಬರಿಗೂ ಪರಸ್ಪರ ಗೌರವವಿತ್ತು.

ಆ ವರ್ಷ ಚೇಂಬರ್ಲೇನ್ ಸರಾಸರಿ 24.1ಕ್ಕೆ ಇಳಿಯಿತು. ನೂರು ಅಂಕದ ವರ್ಷಕ್ಕೆ ಹೋಲಿಸಿದರೆ ಅರ್ಧಕ್ಕಿಂತ ಕಡಿಮೆ. ಸಹ ಆಟಗಾರರಿಗೆ ಅಂಕ ಕೊಡಿಸಿದ ಪಾಸುಗಳು ಮಾತ್ರ ಪಂದ್ಯಕ್ಕೆ 7.8ಕ್ಕೆ ಏರಿದವು. ತಂಡ 68 ಗೆದ್ದು 13 ಸೋತಿತು, ಸತತ ಎಂಟು ಬಾರಿ ಗೆದ್ದಿದ್ದ ಸೆಲ್ಟಿಕ್ಸ್ ಅನ್ನು 4–1ರಿಂದ ಹೊರಗೆ ಕಳಿಸಿ ಚಾಂಪಿಯನ್ ಆಯಿತು. ಚೇಂಬರ್ಲೇನ್‌ಗೆ ಅದು ಮೊದಲ ಪ್ರಶಸ್ತಿ. ಮರುವರ್ಷ 3–1ರ ಮುನ್ನಡೆಯಲ್ಲಿದ್ದೂ ಸೆಲ್ಟಿಕ್ಸ್‌ಗೆ ಸೋತ ಮೇಲೆ ಹ್ಯಾನಮ್ ಹೊರಟರು, ಚೇಂಬರ್ಲೇನ್ ಲೇಕರ್ಸ್‌ಗೆ ಹೋದರು. ಅಲ್ಲಿ ಕಾದಿದ್ದವರು ವ್ಯಾನ್ ಬ್ರೆಡಾ ಕಾಲ್ಫ್.

'ಫ್ರೀ ಇರೋದು ಯಾರು?'

ಮೆಗ್ವಾಯರ್ ನಾರ್ತ್ ಕೆರೊಲಿನಾ ಬಿಟ್ಟಾಗ ಅವರ ಜಾಗಕ್ಕೆ ಬಂದವರು ಅವರ ಸಹಾಯಕ ಡೀನ್ ಸ್ಮಿತ್. ಎರಡು ದಶಕಗಳ ನಂತರ ಆ ಸ್ಮಿತ್ ಕೈಯಲ್ಲಿ ಪಳಗಿದ ಹುಡುಗ ಮೈಕಲ್ ಜೋರ್ಡಾನ್. 1984ರಲ್ಲಿ ಶಿಕಾಗೊ ಬುಲ್ಸ್ ಸೇರಿದ ಜೋರ್ಡಾನ್‌ಗೆ ಮೊದಲ ಆರು ಋತುಗಳಲ್ಲಿ ನಾಲ್ವರು ಕೋಚ್‌ಗಳು.

ಮೂರನೆಯವರಾದ ಡಗ್ ಕಾಲಿನ್ಸ್ ಕಾಲದಲ್ಲಿ ಜೋರ್ಡಾನ್ ಅಂಕಗಳು ಆಕಾಶ ಮುಟ್ಟಿದವು. 1986–87ರಲ್ಲಿ ಸರಾಸರಿ 37.1. ಕಾಲಿನ್ಸ್ ಹುಮ್ಮಸ್ಸಿನ ಮನುಷ್ಯ. ಅವರ ಮೂರು ವರ್ಷಗಳಲ್ಲಿ ಬುಲ್ಸ್ ಮೆಟ್ಟಿಲು ಮೆಟ್ಟಿಲಾಗಿ ಏರಿ, 1989ರಲ್ಲಿ ಪೂರ್ವ ವಲಯದ ಫೈನಲ್ ತಲುಪಿತು. ಅಲ್ಲಿ ಡೆಟ್ರಾಯಿಟ್ ಪಿಸ್ಟನ್ಸ್ ಜೋರ್ಡಾನ್ ಒಬ್ಬರ ಸುತ್ತಲೇ ಕೋಟೆ ಕಟ್ಟಿ ನಿಲ್ಲಿಸಿಬಿಟ್ಟಿತು. ಅಷ್ಟು ಎತ್ತರಕ್ಕೆ ತಂದ ಕಾಲಿನ್ಸ್ ಅವರನ್ನು ಆ ಬೇಸಿಗೆಯಲ್ಲೇ ತೆಗೆದದ್ದು ಹಲವರಿಗೆ ಆಘಾತವಾಗಿತ್ತು.

ಬದಲಿಗೆ ಬಂದವರು ಸಹಾಯಕ ಕೋಚ್ ಫಿಲ್ ಜಾಕ್ಸನ್. ಮೊಂಟಾನಾ ರಾಜ್ಯದ ಪಾದ್ರಿ ದಂಪತಿಯ ಮಗ, ನಿಕ್ಸ್ ತಂಡದ ಹಳೆಯ ಆಟಗಾರ, ಆಲ್ಬನಿ ನಗರದ ತಂಡಕ್ಕೆ ಒಂದು ಸಣ್ಣ ಲೀಗಿನಲ್ಲಿ ಕೋಚ್ ಆಗಿದ್ದವರು. ಜಾಕ್ಸನ್ ಹಿಂದೆ ಇನ್ನೊಬ್ಬ ಹಿರಿಯರು ಕೂತಿದ್ದರು: ಟೆಕ್ಸ್ ವಿಂಟರ್. ದಶಕಗಳ ಕಾಲ ಕಾಲೇಜುಗಳಲ್ಲಿ ಪಾಠ ಹೇಳಿದ್ದ ವಿಂಟರ್‌ಗೆ ಆಗಲೇ ಅರವತ್ತು ದಾಟಿತ್ತು. ಅವರ ಬತ್ತಳಿಕೆಯಲ್ಲಿದ್ದದ್ದು ತ್ರಿಕೋನ ಪದ್ಧತಿ. ಅಂಕಣದ ಒಂದು ಬದಿಯಲ್ಲಿ ಮೂವರು ತ್ರಿಕೋನವಾಗಿ ನಿಲ್ಲುತ್ತಾರೆ, ಇನ್ನೊಂದು ಬದಿಯಲ್ಲಿ ಇಬ್ಬರು. ಚೆಂಡು ಯಾರ ಕೈಯಲ್ಲಿದ್ದರೂ ಎದುರಾಳಿ ಏನು ಮಾಡುತ್ತಾನೆಂದು ನೋಡಿ ಮುಂದಿನ ಪಾಸು ತೀರ್ಮಾನವಾಗುತ್ತದೆ. ಅದರಲ್ಲಿ ಚಿಕ್ಕವರು ದೊಡ್ಡವರು ಎಂಬ ಭೇದವಿಲ್ಲ. ಆ ಭೇದವಿಲ್ಲದಿರುವುದೇ ಜೋರ್ಡಾನ್‌ಗೆ ಮೊದಲು ಹಿಡಿಸಲಿಲ್ಲ.

ಜಾಕ್ಸನ್ ಜೋರ್ಡಾನ್‌ಗೆ ಲೆಕ್ಕ ತೋರಿಸಿದರು. ಲೀಗಿನಲ್ಲಿ ಅತಿ ಹೆಚ್ಚು ಸರಾಸರಿ ಹೊಡೆದವನು ಅದೇ ವರ್ಷ ಪ್ರಶಸ್ತಿಯನ್ನೂ ಗೆದ್ದ ಉದಾಹರಣೆ 1971ರ ಕರೀಮ್ ಅಬ್ದುಲ್ ಜಬ್ಬಾರ್ ನಂತರ ಒಂದೂ ಇರಲಿಲ್ಲ. ಮೊದಲ ವರ್ಷ ಮತ್ತೆ ಪಿಸ್ಟನ್ಸ್ ಎದುರು ಏಳನೇ ಪಂದ್ಯದಲ್ಲಿ ಸೋಲು. ಎರಡನೇ ವರ್ಷ ಅದೇ ಪಿಸ್ಟನ್ಸ್ ಮೇಲೆ 4–0. ಆ ವರ್ಷದ ಫೈನಲ್‌ನಲ್ಲಿ ಎದುರಾಳಿ ಮ್ಯಾಜಿಕ್ ಜಾನ್ಸನ್ ಅವರ ಲೇಕರ್ಸ್. 1991ರ ಜೂನ್ 12, ಐದನೇ ಪಂದ್ಯ, ಅದೇ ಫೋರಂ. ಕೊನೆಯ ಕಾಲುಭಾಗದಲ್ಲಿ ಆಟ ಬಿಗಿಯಾಗಿದ್ದಾಗ ಟೈಮ್‌ಔಟ್‌ನಲ್ಲಿ ಜಾಕ್ಸನ್ ಜೋರ್ಡಾನ್ ಮುಖ ನೋಡಿ ಕೇಳಿದ್ದು ಒಂದೇ ಪ್ರಶ್ನೆ: ಫ್ರೀ ಇರೋದು ಯಾರು? ಉತ್ತರ ಬರುವವರೆಗೂ ಅದನ್ನೇ ಕೇಳಿದರು. ಕೊನೆಗೆ ಜೋರ್ಡಾನ್ ಬಾಯಲ್ಲಿ ಬಂದ ಹೆಸರು ಪ್ಯಾಕ್ಸನ್. ಹಾಗಾದರೆ ಚೆಂಡು ಅವನಿಗೆ ಕೊಡು ಎಂದರು ಕೋಚ್.

ಜಾನ್ ಪ್ಯಾಕ್ಸನ್ ಹೆಚ್ಚು ಹಾರಲಾರದ, ಹೆಚ್ಚು ಓಡಲಾರದ ಆಟಗಾರ. ನಿಂತಲ್ಲಿಂದ ಗುರಿ ಮಾತ್ರ ತಪ್ಪುತ್ತಿರಲಿಲ್ಲ. ಆ ರಾತ್ರಿ ಅವರು 20 ಅಂಕ ಹೊಡೆದರು, ಅದರಲ್ಲಿ ಅರ್ಧ ಕೊನೆಯ ಕೆಲವೇ ನಿಮಿಷಗಳಲ್ಲಿ. ಬುಲ್ಸ್ ಮೊದಲ ಬಾರಿಗೆ ಚಾಂಪಿಯನ್ ಆಯಿತು. ಸೋಜಿಗವೆಂದರೆ, ಆ ಋತುವಿನಲ್ಲೂ 31.5ರ ಸರಾಸರಿಯೊಂದಿಗೆ ಜೋರ್ಡಾನ್ ಲೀಗಿಗೇ ಮೊದಲಿಗರು. ಹಿಂದಿನ ವರ್ಷಕ್ಕಿಂತ ಎರಡಂಕ ಕಡಿಮೆ, ಅಷ್ಟೆ. ಜಾಕ್ಸನ್ ಕೈಕೆಳಗೆ ಅವರು ಒಟ್ಟು ಆರು ಪ್ರಶಸ್ತಿ ಗೆದ್ದರು.

ಕಾಲಿನ್ಸ್ ಇಲ್ಲದೆ ಜಾಕ್ಸನ್ ಗೆಲ್ಲುತ್ತಿದ್ದರೇ ಎಂದೂ ಕೇಳಿಕೊಳ್ಳಬೇಕು. ಇಪ್ಪತ್ತಮೂರರ ಜೋರ್ಡಾನ್‌ಗೆ ಬೇಕಾಗಿದ್ದದ್ದು ತನ್ನ ಬೆಂಕಿಗೆ ಗಾಳಿ ಹಾಕುವವರು. ಇಪ್ಪತ್ತೆಂಟರ ಜೋರ್ಡಾನ್‌ಗೆ ಬೇಕಾಗಿದ್ದದ್ದು ಆ ಬೆಂಕಿಯಲ್ಲಿ ಇಡೀ ಮನೆಯ ಅಡುಗೆ ಮಾಡುವವರು. ಸರಿಯಾದ ಕೋಚ್ ಎನ್ನುವುದು ವಯಸ್ಸಿನೊಂದಿಗೆ ಬದಲಾಗುವ ಉತ್ತರ.

ತಾರೆಯ ಮಾತು ಎಲ್ಲಿಯವರೆಗೆ?

ಹಾಗಾದರೆ ತಾರೆಯನ್ನೇ ಕೇಳಿಬಿಡಬಹುದಲ್ಲ? 1981ರ ನವೆಂಬರ್‌ನಲ್ಲಿ ಲೇಕರ್ಸ್‌ನ ಮ್ಯಾಜಿಕ್ ಜಾನ್ಸನ್ ಯಾರೂ ಕೇಳುವ ಮೊದಲೇ ಹೇಳಿಬಿಟ್ಟರು. ಕೋಚ್ ಪಾಲ್ ವೆಸ್ಟ್‌ಹೆಡ್ ಹೊಸದಾಗಿ ತಂದ ಕಟ್ಟುನಿಟ್ಟಿನ ಪದ್ಧತಿಯಲ್ಲಿ ಓಡುವ ಆಟಕ್ಕೆ ಜಾಗವೇ ಇರಲಿಲ್ಲ. ಸಾಲ್ಟ್ ಲೇಕ್ ಸಿಟಿಯಲ್ಲಿ ಪಂದ್ಯ ಗೆದ್ದ ರಾತ್ರಿಯೇ ಮ್ಯಾಜಿಕ್ ಪತ್ರಕರ್ತರ ಮುಂದೆ, ನನಗೆ ಇಲ್ಲಿ ಸಂತೋಷವಿಲ್ಲ, ಬೇರೆ ತಂಡಕ್ಕೆ ಕಳಿಸಿ ಎಂದರು. ಮರುದಿನ ವೆಸ್ಟ್‌ಹೆಡ್ ಕೆಲಸ ಹೋಯಿತು, ಒಂದೂವರೆ ವರ್ಷದ ಹಿಂದೆ ಅದೇ ತಂಡಕ್ಕೆ ಪ್ರಶಸ್ತಿ ತಂದಿದ್ದರೂ. ಮ್ಯಾಜಿಕ್‌ಗೆ ಆಗ 22 ವರ್ಷ. ಅಭಿಮಾನಿಗಳು ಸಿಟ್ಟಾಗಿ, ಸ್ವಂತ ಅಂಕಣದಲ್ಲೇ ಅವರನ್ನು ಕೂಗಿ ಹೀಯಾಳಿಸಿದರು.

ಕೆಲಸಕ್ಕೆ ಬಂದವರು ಸಹಾಯಕ ಪ್ಯಾಟ್ ರೈಲಿ, ಕೆಲವೇ ವರ್ಷ ಹಿಂದೆ ಲೇಕರ್ಸ್ ಪಂದ್ಯಗಳಿಗೆ ವೀಕ್ಷಕ ವಿವರಣೆ ಹೇಳುತ್ತಿದ್ದವರು. ಅವರು ಓಟದ ಆಟವನ್ನು ಮರಳಿ ತಂದರು. ಆ ಋತುವಿನಲ್ಲೇ ಪ್ರಶಸ್ತಿ ಬಂತು, ದಶಕ ಮುಗಿಯುವ ಮೊದಲು ಇನ್ನೂ ಮೂರು. ಆಟದ ಬಗ್ಗೆ ಮ್ಯಾಜಿಕ್ ಹೇಳಿದ್ದು ಸರಿಯೇ ಆಗಿತ್ತು. ಹೇಳಿದ ರೀತಿಯ ಕಲೆ ಮಾತ್ರ ಬಹುಕಾಲ ಅಂಟಿಕೊಂಡಿತ್ತು.

ಕನ್ನಡದ ಓದುಗರಿಗೆ ಇಂಥ ಪ್ರಕರಣ ಹೊಸದೇನಲ್ಲ. 2017ರ ಜೂನ್‌ನಲ್ಲಿ ಬೆಂಗಳೂರಿನ ಅನಿಲ್ ಕುಂಬ್ಳೆ ಭಾರತ ಕ್ರಿಕೆಟ್ ತಂಡದ ಮುಖ್ಯ ಕೋಚ್ ಹುದ್ದೆ ಬಿಟ್ಟಾಗ, ತಮ್ಮ ಕಾರ್ಯಶೈಲಿಯ ಬಗ್ಗೆ ನಾಯಕನಿಗೆ ಆಕ್ಷೇಪವಿದೆ ಎಂದು ಮಂಡಳಿ ತಿಳಿಸಿದ್ದನ್ನು ಬಹಿರಂಗವಾಗಿಯೇ ಬರೆದರು. 619 ಟೆಸ್ಟ್ ವಿಕೆಟ್ ಪಡೆದ ಅನುಭವವಾಗಲಿ, ಒಂದು ವರ್ಷದ ಒಳ್ಳೆಯ ಫಲಿತಾಂಶಗಳಾಗಲಿ ಆ ಬಿರುಕನ್ನು ತುಂಬಲಿಲ್ಲ.

ಮ್ಯಾಜಿಕ್ ಪ್ರಸಂಗದಿಂದ ಮೇಲೆ ಬಂದ ರೈಲಿ ಸುಮಾರು ಮೂವತ್ತು ವರ್ಷಗಳ ನಂತರ ಅದೇ ಪರೀಕ್ಷೆಗೆ ಕೂರಬೇಕಾಯಿತು, ಈ ಸಲ ಮೇಜಿನ ಆಚೆ ಬದಿಯಲ್ಲಿ. 2010ರಲ್ಲಿ ಅವರು ಮಯಾಮಿ ಹೀಟ್ ತಂಡದ ಅಧ್ಯಕ್ಷ. ಲೆಬ್ರಾನ್ ಜೇಮ್ಸ್ ಆಗಷ್ಟೇ ಬಂದಿದ್ದರು. ಕೋಚ್ ಎರಿಕ್ ಸ್ಪೋಲ್‌ಸ್ಟ್ರಾ ಅದೇ ಕಚೇರಿಯಲ್ಲಿ ಪಂದ್ಯಗಳ ವಿಡಿಯೊ ಕತ್ತರಿಸಿ ಜೋಡಿಸುವ ಕೆಲಸದಿಂದ ಮೇಲೆ ಬಂದವರು, ವಯಸ್ಸು ನಲವತ್ತು. ಮೊದಲ 17 ಪಂದ್ಯಗಳಲ್ಲಿ 9 ಗೆಲುವು, 8 ಸೋಲು. ಮತ್ತೆ ಕೋಚ್ ಆಗುವ ಆಸೆ ನಿಮಗೆ ಇಲ್ಲವೇ ಎಂದು ಜೇಮ್ಸ್ ಒಮ್ಮೆ ಕೇಳಿದ್ದನ್ನು ರೈಲಿಯೇ ನಂತರ ಹೇಳಿದ್ದಾರೆ. ಇಲ್ಲ ಎಂದರು ರೈಲಿ. ಸ್ಪೋಲ್‌ಸ್ಟ್ರಾ ಉಳಿದರು. ಮೊದಲ ವರ್ಷ ಫೈನಲ್‌ನಲ್ಲಿ ಸೋತ ಹೀಟ್ 2012 ಮತ್ತು 2013ರಲ್ಲಿ ಚಾಂಪಿಯನ್ ಆಯಿತು. ಸರಿಯಾದ ಕೋಚ್ ಕೆಲವೊಮ್ಮೆ ಈಗಾಗಲೇ ಮನೆಯೊಳಗೇ ಇರುತ್ತಾರೆ. ಅವರಿಗೆ ಸಮಯ ಕೊಡುವ ಗಟ್ಟಿತನ ಯಜಮಾನನಿಗಿರಬೇಕು.

ಹಿಂದೆಂದೂ ಕೋಚ್ ಆಗಿರದವರು

2014ರಲ್ಲಿ ಗೋಲ್ಡನ್ ಸ್ಟೇಟ್ ವಾರಿಯರ್ಸ್ ಇದಕ್ಕೆ ತದ್ವಿರುದ್ಧ ಹೆಜ್ಜೆ ಇಟ್ಟಿತು. 51 ಪಂದ್ಯ ಗೆಲ್ಲಿಸಿದ್ದ ಕೋಚ್ ಮಾರ್ಕ್ ಜಾಕ್ಸನ್ ಅವರನ್ನು ಕಳಿಸಿತು. ತಂಡದ ತಾರೆ ಸ್ಟೀಫನ್ ಕರಿ ಆ ಕೋಚ್ ಪರವಾಗಿ ಬಹಿರಂಗವಾಗಿ ನಿಂತಿದ್ದರು. ಬದಲಿಗೆ ತಂದದ್ದು ಸ್ಟೀವ್ ಕರ್ ಅವರನ್ನು, ಒಂದು ದಿನವೂ ಯಾವ ತಂಡಕ್ಕೂ ಕೋಚ್ ಆಗಿರದವರನ್ನು.

ಆದರೆ ಕರ್ ಎಲ್ಲಿಂದ ಬಂದವರು ನೋಡಿ. ಶಿಕಾಗೊದಲ್ಲಿ ಪ್ಯಾಕ್ಸನ್ ಬಿಟ್ಟ ಜಾಗದಲ್ಲಿ ಆಡಿದವರು ಅವರೇ. 1997ರ ಫೈನಲ್‌ನ ಆರನೇ ಪಂದ್ಯದಲ್ಲಿ ಜೋರ್ಡಾನ್ ಪಾಸಿನಿಂದ ಗೆಲುವಿನ ಅಂಕ ಹೊಡೆದವರೂ ಅವರೇ. ಫಿಲ್ ಜಾಕ್ಸನ್ ಕೈಕೆಳಗೆ ಮೂರು ಪ್ರಶಸ್ತಿ, ಆಮೇಲೆ ಸ್ಯಾನ್ ಆಂಟೋನಿಯೊದಲ್ಲಿ ಗ್ರೆಗ್ ಪೊಪೊವಿಚ್ ಕೈಕೆಳಗೆ ಎರಡು. ತ್ರಿಕೋನ ಪದ್ಧತಿಯಲ್ಲಿ ಚೆಂಡಿಗಾಗಿ ಮೂಲೆಯಲ್ಲಿ ಕಾದು ನಿಂತ ಆಟಗಾರನಿಗೆ, ತಾರೆಯ ಕೈಯಿಂದ ಬರುವ ಒಂದು ಪಾಸು ಏನೆಂದು ಮೈಯಲ್ಲೇ ಗೊತ್ತಿರುತ್ತದೆ.

ಹಿಂದಿನ ವರ್ಷ ಪಾಸುಗಳ ಲೆಕ್ಕದಲ್ಲಿ ವಾರಿಯರ್ಸ್ ಲೀಗಿನಲ್ಲೇ ಕೊನೆ. ಪಂದ್ಯಕ್ಕೆ 300 ಪಾಸು ಎಂಬ ಗುರಿ ಇಟ್ಟರು ಕರ್. ಹಿಂದಿನ ಕೋಚ್ ಕಟ್ಟಿದ್ದ ಗಟ್ಟಿ ರಕ್ಷಣೆಯನ್ನು ಹಾಗೆಯೇ ಉಳಿಸಿಕೊಂಡರು. ಆವರೆಗೆ ಒಂದು ಪಂದ್ಯದಲ್ಲೂ ಬೆಂಚಿನಿಂದ ಇಳಿದು ಆಡಿರದ ಹಿರಿಯ ಆಟಗಾರ ಆಂದ್ರೆ ಇಗುಡಾಲಾ ಅವರನ್ನು ಕೂರಿಸಿ, ಯುವಕ ಹ್ಯಾರಿಸನ್ ಬಾರ್ನ್ಸ್ ಅವರನ್ನು ಆರಂಭದಲ್ಲಿ ಇಳಿಸಿದರು. ಕರಿ ಚೆಂಡು ಬಿಟ್ಟುಕೊಟ್ಟು, ಸಹ ಆಟಗಾರರ ಬೆನ್ನ ಹಿಂದೆ ಸುತ್ತಿ ಬಂದು, ಮತ್ತೆ ಚೆಂಡು ಪಡೆದು ಎಸೆಯತೊಡಗಿದರು. ಚೆಂಡಿಲ್ಲದೆ ಓಡುವ ಕರಿ ಚೆಂಡಿರುವ ಕರಿಗಿಂತ ಎದುರಾಳಿಗೆ ದೊಡ್ಡ ತಲೆನೋವಾದರು. ಆ ಋತುವಿನಲ್ಲಿ 67 ಗೆಲುವು, ಕರಿ ಲೀಗಿನ ಶ್ರೇಷ್ಠ ಆಟಗಾರ.

ಫೈನಲ್‌ನಲ್ಲಿ ಕ್ಲೀವ್‌ಲ್ಯಾಂಡ್ 2–1ರಿಂದ ಮುಂದಿದ್ದಾಗ, ಕರ್ ಅವರ ಯುವ ಸಹಾಯಕ ನಿಕ್ ಯುರೆನ್ ರಾತ್ರಿ ಹಳೆಯ ಪಂದ್ಯಗಳ ವಿಡಿಯೊ ನೋಡುತ್ತ ಒಂದು ಉಪಾಯ ಕಂಡುಕೊಂಡರು: ಏಳಡಿ ಎತ್ತರದ ಆಂಡ್ರ್ಯೂ ಬೋಗಟ್ ಬದಲು ಇಗುಡಾಲಾ ಅವರನ್ನು ಆರಂಭಕ್ಕೆ ಇಳಿಸಿ. ಕರ್ ಒಪ್ಪಿದರು. ಗೆದ್ದ ಮೇಲೆ ಶ್ರೇಯ ಯುರೆನ್‌ದು ಎಂದು ಎಲ್ಲರೆದುರು ಹೇಳಿದರು. ಮುಂದಿನ ಮೂರೂ ಪಂದ್ಯ ವಾರಿಯರ್ಸ್ ಗೆದ್ದಿತು, 40 ವರ್ಷಗಳ ನಂತರ ಪ್ರಶಸ್ತಿ ಬಂತು, ಫೈನಲ್‌ನ ಶ್ರೇಷ್ಠ ಆಟಗಾರನಾಗಿ ಇಗುಡಾಲಾ ಆಯ್ಕೆಯಾದರು.

ಇನ್ನೊಬ್ಬ ಗುರು ಪೊಪೊವಿಚ್‌ರಿಂದ ಕರ್ ಕಲಿತದ್ದು ತಾರೆಯ ಜೊತೆಗಿನ ಸಂಬಂಧ. 1997ರಲ್ಲಿ ಟಿಮ್ ಡಂಕನ್ ಸ್ಯಾನ್ ಆಂಟೋನಿಯೊ ತಂಡಕ್ಕೆ ಆಯ್ಕೆಯಾದಾಗ ಪೊಪೊವಿಚ್ ಸ್ವತಃ ಕೆರಿಬಿಯನ್‌ನ ಸೇಂಟ್ ಕ್ರೊಯ್ ದ್ವೀಪಕ್ಕೆ, ಆ ಹುಡುಗನ ಊರಿಗೆ, ಹೋಗಿ ಕೆಲವು ದಿನ ಅವನ ಜೊತೆ ಕಳೆದರು. ಆ ಪರಿಚಯದ ಬಲದ ಮೇಲೆ ಅವರು ಮುಂದೆ ಡಂಕನ್ ಅವರನ್ನು ಎಲ್ಲರೆದುರು ಬೈಯಬಲ್ಲವರಾದರು. ಡಂಕನ್ ಸುಮ್ಮನೆ ಕೇಳಿಸಿಕೊಳ್ಳುತ್ತಿದ್ದರು. ದೊಡ್ಡವನೇ ಬೈಸಿಕೊಂಡ ಮೇಲೆ ಉಳಿದವರು ಮುಖ ಊದಿಸಿಕೊಳ್ಳಲು ಎಡೆಯೇ ಇರಲಿಲ್ಲ. 19 ಋತು, ಐದು ಪ್ರಶಸ್ತಿ.

ಮಹಿಳಾ ಲೀಗಿನಲ್ಲಿ ಈ ಹುಡುಕಾಟ ಈಗ ಕಣ್ಣಮುಂದೆಯೇ ನಡೆದಿದೆ. 2024ರಲ್ಲಿ ಇಂಡಿಯಾನಾ ಫೀವರ್ ತಂಡಕ್ಕೆ ಕೇಟ್ಲಿನ್ ಕ್ಲಾರ್ಕ್ ಬಂದರು, ತಂಡ 2016ರ ನಂತರ ಮೊದಲ ಸಲ ಪ್ಲೇಆಫ್ ತಲುಪಿತು. ಆದರೂ ಕೋಚ್ ಕ್ರಿಸ್ಟಿ ಸೈಡ್ಸ್ ಅವರನ್ನು ಬದಲಿಸಿ, ಅದೇ ರಾಜ್ಯದಲ್ಲಿ ಆಡಿ ಬೆಳೆದ, ಅದೇ ತಂಡಕ್ಕೆ ಹಿಂದೆ ಕೋಚ್ ಆಗಿದ್ದ ಸ್ಟೆಫನಿ ವೈಟ್ ಅವರನ್ನು ಕರೆತರಲಾಯಿತು. 2025ರಲ್ಲಿ ಕ್ಲಾರ್ಕ್ ಗಾಯಗೊಂಡು 13 ಪಂದ್ಯ ಮಾತ್ರ ಆಡಿದರು. ತಾರೆಗೆಂದು ತಂದ ಕೋಚ್ ತಾರೆಯಿಲ್ಲದೆಯೇ ತಂಡವನ್ನು ಸೆಮಿಫೈನಲ್‌ನ ಐದನೇ ಪಂದ್ಯದವರೆಗೆ ಕರೆದೊಯ್ದರು.

ಬೆಳಗಿನ ಅಭ್ಯಾಸ

ಬಲೂನುಗಳ ರಾತ್ರಿ ಕಳೆದು ಎರಡು ವರ್ಷಕ್ಕೆ, 1971ರ ಬೇಸಿಗೆಯಲ್ಲಿ, ಲೇಕರ್ಸ್‌ಗೆ ಬಿಲ್ ಶಾರ್ಮನ್ ಕೋಚ್ ಆಗಿ ಬಂದರು. ಅವರು ಹಳೆಯ ಸೆಲ್ಟಿಕ್ಸ್ ಆಟಗಾರ, ಅಂದರೆ ಚೇಂಬರ್ಲೇನ್ ವರ್ಷಗಟ್ಟಲೆ ಸೆಣಸಿದ ಪಾಳಯದವರು. ಪಂದ್ಯದ ದಿನ ಬೆಳಿಗ್ಗೆ ತಂಡವನ್ನೆಲ್ಲ ಅಂಕಣಕ್ಕೆ ಕರೆಸಿ ಹಗುರಾಗಿ ಎಸೆತ ಅಭ್ಯಾಸ ಮಾಡಿಸುವುದು ಅವರ ಪದ್ಧತಿ. ಆಡುವ ಕಾಲದಲ್ಲಿ ತಮ್ಮ ತಳಮಳ ಕಳೆದುಕೊಳ್ಳಲು ಅವರೇ ಕಂಡುಕೊಂಡ ದಾರಿ ಅದು. ಇವತ್ತು ಎನ್‌ಬಿಎಯ ಎಲ್ಲ ತಂಡಗಳಿಗೂ ಈ ರೂಢಿ ಚೆನ್ನಾಗಿ ಗೊತ್ತು.

ಚೇಂಬರ್ಲೇನ್ ರಾತ್ರಿ ನಿದ್ದೆ ಬಾರದೆ ಒದ್ದಾಡುವ, ಬೆಳಿಗ್ಗೆ ತಡವಾಗಿ ಏಳುವ ಮನುಷ್ಯ. ಅವರಿಗೆ ಅಭ್ಯಾಸವೆಂದರೆ ಮೊದಲಿಂದಲೂ ಅಷ್ಟಕ್ಕಷ್ಟೆ. ಶಾರ್ಮನ್ ಅಪ್ಪಣೆ ಹೊರಡಿಸಲಿಲ್ಲ. ಚೇಂಬರ್ಲೇನ್ ಅವರನ್ನು ಊಟಕ್ಕೆ ಕರೆದೊಯ್ದು, ಎದುರಿಗೆ ಕೂತು, ಬೆಳಗಿನ ಅಭ್ಯಾಸ ಯಾಕೆ, ರೀಬೌಂಡು ಹಿಡಿದು ತಕ್ಷಣ ಮುಂದಕ್ಕೆ ಎಸೆದರೆ ಜೆರ್ರಿ ವೆಸ್ಟ್ ಮತ್ತು ಗೇಲ್ ಗುಡ್‌ರಿಚ್ ಹೇಗೆ ಓಡಬಲ್ಲರು ಎಂದು ಬಿಡಿಸಿ ಹೇಳಿದರು. ಮೂವತ್ತೈದರ ಚೇಂಬರ್ಲೇನ್, ಗೆಲ್ಲಲು ನೆರವಾಗುವುದಾದರೆ ಬರುತ್ತೇನೆ ಎಂದರು. ಬಂದರು. ಒಂಬತ್ತು ಪಂದ್ಯಗಳಾದ ಮೇಲೆ ಬೇಲರ್ ನಿವೃತ್ತರಾದಾಗ ನಾಯಕತ್ವದ ಹೊಣೆ ಚೇಂಬರ್ಲೇನ್ ಹೆಗಲಿಗೆ ಬಂತು.

ಮುಂದಿನ ಪಂದ್ಯದಿಂದ ಲೇಕರ್ಸ್ ಸೋಲುವುದನ್ನೇ ಮರೆಯಿತು. 1971ರ ನವೆಂಬರ್ 5ರಿಂದ ಮರು ಜನವರಿಯವರೆಗೆ ಸತತ 33 ಗೆಲುವು. ಆ ದಾಖಲೆಯನ್ನು ಎನ್‌ಬಿಎಯಲ್ಲಿ ಯಾರೂ ಈವರೆಗೆ ಮುಟ್ಟಿಲ್ಲ. ಋತು ಮುಗಿದಾಗ 69 ಗೆಲುವು, 13 ಸೋಲು. ಹಿಂದೊಮ್ಮೆ ಸರಾಸರಿ ಐವತ್ತು ಹೊಡೆದಿದ್ದ ಚೇಂಬರ್ಲೇನ್ ಆ ವರ್ಷ ಹೊಡೆದದ್ದು 14.8. ರೀಬೌಂಡುಗಳು ಪಂದ್ಯಕ್ಕೆ 19.2, ಲೀಗಿನಲ್ಲೇ ಮೊದಲು.

ಅಂಕಣದ ಅಂಚಿನಿಂದ ದಿನವೂ ಕೂಗಿ ಕೂಗಿ ಶಾರ್ಮನ್ ಗಂಟಲು ಆ ಋತುವಿನಲ್ಲಿ ಒಡೆದುಹೋಯಿತು. ಮುಂದೆಂದೂ ಅವರ ದನಿ ಪೂರ್ತಿ ಮರಳಲಿಲ್ಲ.

1972ರ ಮೇ 7, ನ್ಯೂಯಾರ್ಕ್ ನಿಕ್ಸ್ ವಿರುದ್ಧ ಫೈನಲ್‌ನ ಐದನೇ ಪಂದ್ಯ. ಹಿಂದಿನ ಪಂದ್ಯದಲ್ಲಿ ಬಿದ್ದು ಚೇಂಬರ್ಲೇನ್ ಅವರ ಬಲಗೈ ಊದಿಕೊಂಡಿತ್ತು. ಅವರು ಆಡುವುದು ಅನುಮಾನ ಎಂದೇ ಎಲ್ಲರೂ ಮಾತಾಡಿಕೊಂಡಿದ್ದರು. ಮೂರು ವರ್ಷದ ಹಿಂದೆ ಇದೇ ಫೋರಂನಲ್ಲಿ, ಇನ್ನೊಬ್ಬ ಕೋಚ್ ಎದುರು, ಒಳಗೆ ಕಳಿಸಿ ಎಂದು ಕೇಳಿ ಬೆಂಚಿನಲ್ಲೇ ಉಳಿದವರು ಈ ರಾತ್ರಿ ಪಟ್ಟಿ ಸುತ್ತಿದ ಕೈಯಲ್ಲೇ ಇಳಿದರು. 24 ಅಂಕ, 29 ರೀಬೌಂಡು. ಲೇಕರ್ಸ್ 114, ನಿಕ್ಸ್ 100. ಲಾಸ್ ಏಂಜಲೀಸ್‌ಗೆ ಬಂದ ಮೇಲೆ ಆ ತಂಡ ಗೆದ್ದ ಮೊದಲ ಪ್ರಶಸ್ತಿ ಅದು. ಫೈನಲ್‌ನ ಶ್ರೇಷ್ಠ ಆಟಗಾರ ವಿಲ್ಟ್ ಚೇಂಬರ್ಲೇನ್. ಆ ವರ್ಷದ ಶ್ರೇಷ್ಠ ಕೋಚ್, ಕೂಗಿ ಹೇಳಲು ದನಿ ಉಳಿಯದಿದ್ದ ಬಿಲ್ ಶಾರ್ಮನ್.